ಟ್ಯಾಬು ಹೂಂಗುಟ್ಟಿದ ಕಥೆ

ನಮ್ಮ ಶಾಲೆಯ ಡಿಜಿಟಲ್ ಕಥಾಪುಸ್ತಕಕ್ಕೆ ಜಿಲ್ಲೆಗೇ ಮೊದಲ ಬಹುಮಾನ ಬಂದಿದೆ. ಮುಖಪುಟದಲ್ಲಿ ಒಬ್ಬ ಸೂರ್ಯ, ಎರಡು ತೆಂಗಿನ ಮರ, ಹಾರುವ ಐದು ಹಕ್ಕಿ, ಅವುಗಳ ಕೆಳಗೆ ನನ್ನ ಹೆಸರು: ಪಿ. ಹಂಸವೇಣಿ, ಹತ್ತನೇ ತರಗತಿ, 'ಬಿ' ವಿಭಾಗ. ನಮ್ಮೂರಲ್ಲಿ ತೆಂಗಿನ ಮರ ಇಲ್ಲ. ಮಂಡಕ್ಕಿ ಭಟ್ಟಿಗಳಿವೆ, ಹೊಗೆ ಇದೆ. ಆದರೆ ಟ್ಯಾಬಿನೊಳಗೆ ಮೊದಲೇ ಕೊಟ್ಟಿದ್ದ ಚಿತ್ರಗಳಲ್ಲಿ ಊರು ಎಂದರೆ ತೆಂಗಿನ ಮರ. ಹೊಗೆ ಬೇಕೆಂದರೆ 'ಮಾಲಿನ್ಯ' ಎಂಬ ಬೇರೆ ಪಾಠಕ್ಕೆ ಹೋಗಬೇಕಿತ್ತು. ಐವತ್ತಕ್ಕೆ ನಲವತ್ತೈದು ಅಂಕ ಆಗಲೇ ಬಿದ್ದಿವೆ. ಉಳಿದ ಐದು ಬೇಕಾದರೆ 'ಈ ಯೋಜನೆಯಿಂದ ನಾನು ಕಲಿತದ್ದು' ಎಂದು ಒಂದು ಪುಟ ಬರೆದುಕೊಡಬೇಕಂತೆ. ಒಂದು ಪುಟಕ್ಕೆ ಮುಗಿಯುವ ಹಾಗೆ ಕಾಣುವುದಿಲ್ಲ. ಅಂಕ ಬಾರದಿದ್ದರೂ ಪರವಾಗಿಲ್ಲ ಎಂದುಕೊಂಡು ಬರೆಯಲು ಕೂತಿದ್ದೇನೆ. ಹಾಗೆ ಅಂದುಕೊಂಡಿದ್ದು ಹುಟ್ಟಿದಾರಭ್ಯ ಇದೇ ಮೊದಲು.

ಇದನ್ನು ಬರೆಯಲು ಹೇಳಿದ ಪ್ರಫುಲ್ಲಾ ಮಿಸ್ ನಮಗೆ ಕಂಪ್ಯೂಟರ್ ಕಲಿಸುತ್ತಾರೆ. ಅವರು ಹೊರಗಿನವರು. ಬಂದ ಮೊದಲ ದಿನ ಪಾಠ ಮುಗಿಸಿ 'ಅರ್ಥ ಆಯ್ತಾ?' ಎಂದು ಕೇಳಿದಾಗ ನಲವತ್ತು ಜನವೂ ಬಾಯಿ ಬಿಡದೆ ತಲೆಯಾಡಿಸಿದೆವು. 'ಬಾಯಿಲ್ವಾ ನಿಮಗೆ? ಹೂಂ ಅನ್ರೋ' ಎಂದರು. ಇಡೀ ತರಗತಿ ಕಿಟಕಿಯ ಕಡೆ ನೋಡತೊಡಗಿತು. ಪಾಪ, ಅವರಿಗೇನು ಗೊತ್ತು. ನಮ್ಮೂರಲ್ಲಿ ಯಾರಾದರೂ ಕಥೆ ಹೇಳುವಾಗ ಯಾರು ಹೂಂಗುಟ್ಟುತ್ತಾರೋ ಕಥೆ ಅವರದಾಗುತ್ತದೆ. ಹೇಳಿದವರ ಹತ್ತಿರ ಉಳಿಯುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತು ಕೇಳಿದವರಿಗೂ ಏನೂ ದಕ್ಕುವುದಿಲ್ಲ. ಯಾರೂ ಹೂಂ ಅನ್ನದಿದ್ದರೆ ಕಥೆ ಹೇಳಿದವರ ಹತ್ತಿರವೇ ಇರುತ್ತದೆ ನಿಜ, ಆದರೆ ಹಾಗೆ ಯಾರೂ ಹೇಳುವುದಿಲ್ಲ. ಅದು ಗೋಡೆಗೆ ಹೇಳಿದ ಹಾಗೆ, ಅಂಥ ಅವಮಾನ ಶತ್ರುವಿಗೂ ಬೇಡ ಎಂದು ನಮ್ಮ ಹಿರಿಯರ ಅಭಿಪ್ರಾಯ.

ಹಾಗಾಗಿ ಇಲ್ಲಿ ಹೋಟೆಲಿನಲ್ಲಿ ಕಾಫಿ ಬೇಕೇ ಎಂದರೆ 'ಬೇಕು' ಅನ್ನುತ್ತೇವೆ, ಹೆಣ್ಣು ಒಪ್ಪಿಗೆಯೇ ಎಂದರೆ 'ಆಗಲಿ' ಅನ್ನುತ್ತೇವೆ. ಬಸ್ಸಿನಲ್ಲಿ ಪಕ್ಕದವರು 'ನಮ್ಮತ್ತೆ ಏನು ಮಾಡಿದ್ರು ಗೊತ್ತಾ' ಎಂದು ಶುರು ಮಾಡಿದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತೇವೆ, ಅಪ್ಪಿತಪ್ಪಿ ಹೂಂ ಅಂದರೆ ಆ ಅತ್ತೆಯನ್ನು ಜನ್ಮವಿಡೀ ನಾವು ಸಹಿಸಬೇಕು. ಮದುವೆಯಾಗಿ ಹೋಗುವ ಮಗಳಿಗೆ ತಾಯಿ ಒಂದು ಕಥೆ ಕೊಟ್ಟು ಕಳಿಸುತ್ತಾಳೆ. ಕೊಟ್ಟ ಮೇಲೆ, ತಾನು ಯಾಕೆ ಅಳುತ್ತಿದ್ದೆ ಎಂದು ಅಕ್ಕಪಕ್ಕದವರನ್ನು ಕೇಳುತ್ತಾಳೆ. ಇದ್ದಬದ್ದದ್ದನ್ನೆಲ್ಲ ಹೇಳಿ ಮುಗಿಸಿದವರನ್ನು ಪಟ್ಟಣ ಪಂಚಾಯಿತಿಗೆ ಆರಿಸುತ್ತೇವೆ. ಒಬ್ಬ ಸದಸ್ಯರು ತಾವು ಚರಂಡಿ ಕಟ್ಟಿಸಿದ ಕಥೆಯನ್ನು ಕಂಟ್ರಾಕ್ಟರನಿಗೆ ಆದ್ಯಂತ ಹೇಳಿಬಿಟ್ಟರು. ಆಮೇಲೆ ತನಿಖೆಗೆ ಬಂದವರು ಎಷ್ಟು ಕೆದಕಿದರೂ ಅವರಿಗೆ ಯಾವ ಚರಂಡಿಯೂ ನೆನಪಾಗಲಿಲ್ಲ. ಇಷ್ಟು ನಿಷ್ಕಪಟಿಯನ್ನು ಕಂಡಿಲ್ಲ ಎಂದು ಬರೆದುಕೊಂಡು ಹೋದರು. ಚರಂಡಿ ಈಗಲೂ ಇಲ್ಲ.

'ಬರೆದಿಟ್ಟುಕೊಂಡರಾಯ್ತಲ್ಲ' ಎಂದು ಮಿಸ್ ಕೇಳಿದರು. ಬರೆದು ನೋಡಿದವರಿದ್ದಾರೆ. ಅಕ್ಷರವೇನೋ ಕಾಗದದ ಮೇಲೆ ಇರುತ್ತದೆ, ಓದಿದರೆ ತಲೆಗೆ ಹತ್ತುವುದಿಲ್ಲ. ಸಮಾಜ ವಿಜ್ಞಾನದ ಪುಸ್ತಕದ ಹಾಗೆ, ಪುಟ ತಿರುಗಿಸಿದರೆ ಮುಗಿಯಿತು. ಇದನ್ನು ಓದಿದ ಮೇಲೆ ಮಿಸ್‌ಗೂ ಹಾಗೇ ಆಗುತ್ತದೆ ಎಂಬ ಧೈರ್ಯದ ಮೇಲೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ಜೂನ್ ತಿಂಗಳಲ್ಲಿ ಇಲಾಖೆಯಿಂದ ಸುತ್ತೋಲೆ ಬಂತು. ಪ್ರತಿ ಶಾಲೆಯೂ ಊರ ಹಿರಿಯರಿಂದ ಹತ್ತು ಕಥೆ ಸಂಗ್ರಹಿಸಿ, ಅವರದೇ ಧ್ವನಿಯಲ್ಲಿ ದಾಖಲಿಸಿ, ಚಿತ್ರ ಹಾಕಿ ಡಿಜಿಟಲ್ ಕಥಾಪುಸ್ತಕ ಮಾಡಬೇಕು. ಜೊತೆಗೆ ಒಂದು ಟ್ಯಾಬು. ಹೆಡ್ಮಾಸ್ಟರ್ ತಿಪ್ಪೇರುದ್ರಪ್ಪನವರು ಇದೇ ಊರಿನವರು, ಇದರ ಆಳ ಅಗಲ ಬಲ್ಲವರು. ಸುತ್ತೋಲೆ ಓದಿ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ನಮ್ಮೂರಲ್ಲಿ ಇದು ಆಗದ ಮಾತು ಎಂದು ಮೇಲಕ್ಕೆ ಬರೆಯೋಣವೇ ಎಂದು ಗುಮಾಸ್ತರು ಕೇಳಿದರು. ಹಿಂದೊಮ್ಮೆ ಹಾಗೆ ಬರೆದಿದ್ದಕ್ಕೆ 'ಕಳೆದುಹೋದ ಕಥೆಗಳ ವಿವರವನ್ನು ನಿಗದಿತ ನಮೂನೆಯಲ್ಲಿ ಮೂರು ಪ್ರತಿ ಸಲ್ಲಿಸಿ' ಎಂದು ಉತ್ತರ ಬಂದಿತ್ತು. ಹೆಡ್ಮಾಸ್ಟರು ಅದನ್ನು ನೆನಪಿಸಿಕೊಂಡು, 'ಬೇಡಪ್ಪ, ಮಾಡಿಬಿಡೋಣ' ಎಂದರು.

ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಎನ್ನುವುದು ಸುಳ್ಳು, ನಾನೇ ಕೈಯೆತ್ತಿ ಕೈಯೆತ್ತಿ ತೆಗೆದುಕೊಂಡೆ. ಮುಖಪುಟದ ಮೇಲೆ ಸಂಪಾದಕಿಯ ಹೆಸರು ಇರುತ್ತದೆ ಎಂದು ಮಿಸ್ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಮೊದಲು ಹೋದದ್ದು ಬೋರಲಿಂಗಯ್ಯನವರ ಮನೆಗೆ. ಅವರು ನಿವೃತ್ತ ಲೈನ್‌ಮನ್, ಊರಿಗೆ ಮೊದಲ ಕರೆಂಟು ತಂದವರು. ಜಗಲಿಯ ಮೇಲೆ ಕೂತು ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದರು.

'ಇದು ಹೂಂ ಅನ್ನಲ್ವಲ್ಲವ್ವ?'

'ಇಲ್ಲ ತಾತ, ಬರೀ ಕೇಳಿಸ್ಕೊಳ್ಳುತ್ತೆ.'

'ಮತ್ತೆ ನಾನೇನು ಗ್ವಾಡೆಗೆ ಹೇಳ್ಲಾ? ನಲವತ್ತು ವರ್ಷ ಸರ್ವೀಸ್ ಮಾಡಿದೀನಿ ಕಣವ್ವ, ಒಂದು ಮರ್ಯಾದೆ ಐತೆ.'

'ನಾನು ಹೂಂ ಅನ್ಲಾ?'

'ನಿನಗ್ಯಾಕೆ ಕೊಡ್ಲಿ ತಗಿ, ನೀನೇನು ನನ್ನ ಮಗಳಾ? ಸರ್ಕಾರಕ್ಕೆ ಅಂದ್ರೆ ಬೇರೆ ಮಾತು.'

ಮನೆಗೆ ಬಂದು ತಲೆ ಕೆರೆದುಕೊಂಡು ಕೂತಾಗ ಆ ಉಪಾಯ ಹೊಳೆಯಿತು. ಇವತ್ತಿಗೂ ಅದನ್ನು ಬೇರೆ ಯಾರ ತಲೆಗೂ ಕಟ್ಟಲಾಗುವುದಿಲ್ಲ, ನನ್ನದೇ. ನನ್ನ ಧ್ವನಿಯಲ್ಲಿ ಒಂದು 'ಹೂಂ' ದಾಖಲಿಸಿ, ಹೇಳುವವರು ಉಸಿರು ತೆಗೆದುಕೊಂಡಾಗಲೆಲ್ಲ ಟ್ಯಾಬು ತಾನೇ ಅದನ್ನು ನುಡಿಯುವ ಹಾಗೆ ಮಾಡಿದರೆ? ಪ್ರಫುಲ್ಲಾ ಮಿಸ್ ಕೇಳಿ ಕುಣಿದಾಡಿಬಿಟ್ಟರು. 'ಹಂಸವೇಣಿ, ಇದನ್ನೇ ಕಣಮ್ಮ ಇನ್ನೋವೇಶನ್ ಅನ್ನೋದು' ಎಂದು ಅರ್ಧ ಗಂಟೆಯಲ್ಲಿ ಮಾಡಿಯೇ ಕೊಟ್ಟರು. ಧ್ವನಿ ನನ್ನದಾದ್ದರಿಂದ ಕಥೆ ನನಗೇ ಬರುತ್ತದೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಹತ್ತು ಜನ ಹಿರಿಯರ ಕಥೆ ಹದಿನೈದು ವರ್ಷಕ್ಕೇ ಸಿಕ್ಕರೆ ಬೇಡ ಅನ್ನುವವರು ಯಾರು?

ಬೋರಲಿಂಗಯ್ಯನವರು ಈ ಸಲ ಖುಷಿಯಾದರು. ಟ್ಯಾಬು ಎಷ್ಟು ಹದವಾಗಿ ಹೂಂಗುಟ್ಟಿತೆಂದರೆ, ಅವರ ಹೆಂಡತಿ ಬದುಕಿದ್ದಾಗಲೂ ಯಾರೂ ಅಷ್ಟು ತಾಳ್ಮೆಯಿಂದ ಅವರ ಮಾತು ಕೇಳಿರಲಿಲ್ಲವಂತೆ. ಮುಕ್ಕಾಲು ಗಂಟೆ ಹೇಳಿದರು. ನಾನು ಪಕ್ಕದಲ್ಲಿ ಕೂತು ಕಥೆ ಬರಲಿ ಎಂದು ಕಾದೆ. ಏನೂ ಬರಲಿಲ್ಲ. ಕಥೆ ಟ್ಯಾಬಿಗೆ ಹೋಗಿತ್ತು. ಹೇಳಿ ಮುಗಿಸಿದ ಬೋರಲಿಂಗಯ್ಯನವರು ಹಗುರಾಗಿ ಮೈಮುರಿದು, ಮನೆಯೆದುರಿನ ಕಂಬದ ಕಡೆ ಕೈ ತೋರಿಸಿ, 'ಇದನ್ನ ಯಾರವ್ವ ತಂದು ಇಲ್ಲಿ ನೆಟ್ಟೋರು, ಬಾಗ್ಲಿಗೆ ಅಡ್ಡ' ಎಂದರು. ನಾನು ಓಡಿಹೋಗಿ ಮಿಸ್‌ಗೆ ಹೇಳಿದೆ. 'ಫೈಲ್ ಸೇವ್ ಆಗಿದೆ ತಾನೇ? ಮತ್ತೇನು ಚಿಂತೆ' ಎಂದರು. ಸೇವ್ ಆಗಿತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೆಡ್ಮಾಸ್ಟರ್ ಕಥೆ ಕೊಟ್ಟವರಿಗೆಲ್ಲ 'ಕಥಾದಾನಿ' ಎಂಬ ಪ್ರಮಾಣಪತ್ರ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ ಹಂಚತೊಡಗಿದರು. ಅದನ್ನು ನೋಡಿ ಮುದುಕರು ತಾವಾಗಿಯೇ ಶಾಲೆಯ ಬಾಗಿಲಿಗೆ ಬಂದರು. ಮೂರು ವಾರದಲ್ಲಿ ಒಂಬತ್ತು ಕಥೆ ಆದವು. ಒಂಬತ್ತು ಮನೆಗಳ ಗೋಡೆಯ ಮೇಲೆ ಒಂಬತ್ತು ಪ್ರಮಾಣಪತ್ರ ನೇತಾಡಿದವು. ಯಾವುದಕ್ಕೆ ಕೊಟ್ಟದ್ದೆಂದು ಆ ಮನೆಯ ಯಜಮಾನರಿಗೆ ಗೊತ್ತಿರಲಿಲ್ಲ. ಬಹುಶಃ ಒಳ್ಳೆಯ ನಡತೆಗೆ ಇರಬೇಕು ಎಂದುಕೊಂಡರು.

ಹತ್ತನೆಯದಕ್ಕೆ ತೊಡಕಾಯಿತು. ಅಂಕಪಟ್ಟಿಯಲ್ಲಿ 'ಕನಿಷ್ಠ ಒಂದು ಕಥೆಯಲ್ಲಿ ಕೌಟುಂಬಿಕ ಭಾವನೆ ಇರತಕ್ಕದ್ದು, ಹತ್ತು ಅಂಕ' ಎಂದಿತ್ತು. ಶೀರ್ಷಿಕೆ ನೋಡಿದರೆ ನಮ್ಮ ಒಂಬತ್ತರಲ್ಲಿ ಕರೆಂಟು, ಕುಸ್ತಿ, ಕಳ್ಳಬಟ್ಟಿ, ಬಾವಿಗೆ ಬಿದ್ದ ಎಮ್ಮೆ ಇದ್ದವೇ ಹೊರತು ಭಾವನೆ ಇರಲಿಲ್ಲ. ಭಾವನೆ ಇದ್ದದ್ದು ನಮ್ಮ ಮನೆಯಲ್ಲಿ.

ನನಗೆ ಒಂದೂವರೆ ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಹೆಸರು ಪಂಕಜಾ. ಗೋಡೆಯ ಮೇಲೆ ಒಂದು ಫೋಟೋ ಇದೆ. ಅಪ್ಪನ ಹತ್ತಿರ ಅವಳ ಕಥೆ ಒಂದಿಷ್ಟು ಇತ್ತು. ದುಃಖ ತಡೆಯಲಾರದೆ ಅದನ್ನು ಹೆದ್ದಾರಿಯ ಡಾಬಾದಲ್ಲಿ ಯಾರೋ ಲಾರಿ ಡ್ರೈವರಿಗೆ ಹೇಳಿಬಿಟ್ಟರು. ಲಾರಿ ಹೋಯಿತು. ಅಂದಿನಿಂದ ಅಪ್ಪ ಆರೋಗ್ಯವಾಗಿದ್ದಾರೆ, ಊಟ ಸರಿಯಾಗಿ ಮಾಡುತ್ತಾರೆ, ಅವ್ವನ ಫೋಟೋವನ್ನು ಮನೆಗೆ ಬಂದ ನೆಂಟರನ್ನು ನೋಡಿದಷ್ಟೇ ಮರ್ಯಾದೆಯಿಂದ ನೋಡುತ್ತಾರೆ. ಉಳಿದದ್ದು ಅವ್ವನ ತಾಯಿ, ನಮ್ಮಜ್ಜಿ ಸಿದ್ದಗಂಗಮ್ಮನ ಹತ್ತಿರ ಮಾತ್ರ. ಅಜ್ಜಿ ನಮ್ಮ ಜೊತೆಗೇ ಇದ್ದಾಳೆ, ಭಟ್ಟಿಯಿಂದ ಬಂದ ಮಂಡಕ್ಕಿಯನ್ನು ಜಾಲರಿಯಲ್ಲಿ ಜರಡಿ ಹಿಡಿಯುವ ಕೆಲಸ ಮಾಡುತ್ತಾಳೆ. ಹತ್ತನೇ ಕ್ಲಾಸು ಮುಗಿಯಲಿ, ನಿನ್ನದನ್ನು ನಿನಗೆ ಕೊಡುತ್ತೇನೆ ಎಂದು ನನಗೆ ತಿಳಿವಳಿಕೆ ಬಂದಾಗಿನಿಂದ ಹೇಳುತ್ತಿದ್ದಳು. ಅವ್ವ ಹೇಗೆ ನಗುತ್ತಿದ್ದಳು, ನನ್ನನ್ನು ಏನೆಂದು ಕರೆಯುತ್ತಿದ್ದಳು, ಒಂದೂ ನನಗೆ ಗೊತ್ತಿಲ್ಲ. ಅದಕ್ಕಾಗಿ ಎಷ್ಟು ವರ್ಷದಿಂದ ಕಾದಿದ್ದೆ ಎಂದು ಬರೆದರೆ ಮಿಸ್‌ಗೆ ನಂಬಿಕೆಯಾಗಲಿಕ್ಕಿಲ್ಲ.

'ಮಾರ್ಚಿಗೆ ಕೊಡೋದನ್ನ ಈಗ್ಲೇ ಕೊಡಜ್ಜಿ' ಎಂದೆ.

ಅಜ್ಜಿ ಜರಡಿ ನಿಲ್ಲಿಸಿ ಟ್ಯಾಬಿನ ಕಡೆ ನೋಡಿದಳು. 'ಆ ಹಲಗೆಗಾ? ನನ್ನ ಮಗಳನ್ನ ಹಲಗೆ ಕೈಗೆ ಕೊಡಾದಿಲ್ಲ ಕಣೆ.'

'ಹಲಗೆಗಲ್ಲಜ್ಜಿ. ಹೂಂ ಅನ್ನೋಳು ನಾನೇ. ಅದು ಸುಮ್ನೆ ಪಕ್ಕದಾಗಿರುತ್ತೆ.'

'ನೀನೇ ಅನ್ನಬೇಕು.'

'ನಾನೇ ಅಂತೀನಿ.'

ಅಷ್ಟು ಹೇಳಿದವಳು ಟ್ಯಾಬಿನ ಹೂಂ ಅನ್ನು ಆರಿಸಬೇಕಿತ್ತು. ಆದರೆ ಧ್ವನಿಯ ಸ್ಪಷ್ಟತೆಗೆ ಐದು ಅಂಕವಿತ್ತು. ಕೋಣೆಯಲ್ಲಿ ನಾನು ಅಂದ ಹೂಂ ಡಬ್ಬದೊಳಗಿಂದ ಬಂದ ಹಾಗೆ ದಾಖಲಾಗುತ್ತಿತ್ತು, ಟ್ಯಾಬಿನದು ಅಚ್ಚುಕಟ್ಟು. ಅದೂ ಇರಲಿ, ನಾನು ಅದಕ್ಕಿಂತ ಒಂದು ಕ್ಷಣ ಮುಂಚೆ ಮೆಲ್ಲಗೆ ಅಂದರಾಯಿತು ಎಂದು ಲೆಕ್ಕ ಹಾಕಿದೆ. ಭಾನುವಾರ ಮಧ್ಯಾಹ್ನ ಅಜ್ಜಿ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು. ಆಗ ನೋಡುತ್ತೇನೆ, ಕಿಟಕಿಯ ಬೆಳಕು ಅವಳ ಅರ್ಧ ಮುಖಕ್ಕೆ ಮಾತ್ರ ಬಿದ್ದು ಚಿತ್ರ ಕೆಡುತ್ತಿದೆ. ಚಿತ್ರಕ್ಕೂ ಐದು ಅಂಕ. ನಾನು ಎದ್ದು ಕಿಟಕಿಯ ಬಾಗಿಲನ್ನು ಇಷ್ಟು ತೆರೆದೆ, ಅಷ್ಟು ಮುಚ್ಚಿದೆ, ಟ್ಯಾಬನ್ನು ಸೇರಿನ ಮೇಲಿಂದ ತೆಗೆದು ಹಿಟ್ಟಿನ ಡಬ್ಬಿಯ ಮೇಲಿಟ್ಟೆ. ಅಷ್ಟರಲ್ಲಿ ಟ್ಯಾಬು ನನ್ನ ದನಿಯಲ್ಲಿ, ನನಗಿಂತ ಮೊದಲು, ಎಷ್ಟೋ ಸಲ ಹೂಂ ಅಂದಾಗಿತ್ತು. ಗಾಬರಿಬಿದ್ದು ನಾನೂ ಅಂದೆ, ಪ್ರತಿ ಸಲವೂ ಒಂದು ಉಸಿರು ತಡವಾಗಿ. ಕಣ್ಣು ಮುಚ್ಚಿದ್ದ ಅಜ್ಜಿಗೆ ಎರಡೂ ಒಂದೇ ದನಿ. ಅವಳು ಸಮಾಧಾನದಿಂದ ಕೊನೆಯವರೆಗೂ ಹೇಳಿ ಮುಗಿಸಿದಳು.

'ಸಿಕ್ತೇನೆ ಮಗ?' ಎಂದಳು ಕಣ್ಣು ಬಿಟ್ಟು.

ನನ್ನೊಳಗೆ ಏನೂ ಇರಲಿಲ್ಲ. ಪಕ್ಕದ ಮನೆಯ ಜರಡಿಯ ಸದ್ದೊಂದೇ ಕಿವಿಯಲ್ಲಿತ್ತು. 'ಸಿಕ್ತಜ್ಜಿ' ಎಂದೆ.

ತಕ್ಷಣ ಟ್ಯಾಬನ್ನು ನುಡಿಸಿ ನಾನೇ ಹೂಂ ಅಂದು ತೆಗೆದುಕೊಳ್ಳಬಹುದೆಂದು ಹೊಳೆಯುವಷ್ಟರಲ್ಲಿ, ಕೊನೆಯ ದಿನಾಂಕ ಎಂದು ಪ್ರಫುಲ್ಲಾ ಮಿಸ್ ಸ್ಕೂಟಿಯಲ್ಲಿ ಬಂದು ಅದನ್ನು ಒಯ್ದರು. ಅವರು ನಡುನಡುವಿನ ಹೂಂಗಳನ್ನೆಲ್ಲ ಕತ್ತರಿಸಿ ಶುದ್ಧ ಮಾಡಿದರು. ಆಮೇಲೆ ಸರ್ಕಾರಿ ಆಸ್ತಿ ಎಂದು ಟ್ಯಾಬು ಹೆಡ್ಮಾಸ್ಟರ ಬೀರುವಿನೊಳಗೆ ಸೇರಿತು. ಬೀಗದ ಕೈ ಅವರ ಉಡಿದಾರದಲ್ಲಿತ್ತು. ಮನೆಯಲ್ಲಿ ಅಜ್ಜಿ ಹಾಡಿಕೊಂಡು ಜರಡಿ ಹಿಡಿಯತೊಡಗಿದಳು. ನಾನು ಮೊಮ್ಮಗಳು ಎಂಬುದು ಅವಳಿಗೆ ಗೊತ್ತಿತ್ತು, ಯಾವ ಕಡೆಯಿಂದ ಎಂಬುದು ಹೋಗಿತ್ತು. ಆದ್ದರಿಂದ ಅಪ್ಪ ತನ್ನ ಮಗನಿರಬೇಕು ಎಂದು ತೀರ್ಮಾನಿಸಿ, 'ಬಾರೋ ಪರಮೇಶಿ, ಉಣ್ಣು' ಎಂದು ಏಕವಚನದಲ್ಲಿ ಕರೆಯತೊಡಗಿದಳು. ಅಪ್ಪನಿಗೂ ತಕರಾರು ಮಾಡಲು ಏನೂ ನೆನಪಿರಲಿಲ್ಲ.

ಗುರುವಾರ ಕಥಾಪುಸ್ತಕದ ಲೋಕಾರ್ಪಣೆ. ಉಪನಿರ್ದೇಶಕರು ಬಂದರು. ಡಿಜಿಟಲ್ ಪುಸ್ತಕವನ್ನು ಬಿಡುಗಡೆ ಮಾಡುವುದು ಹೇಗೆಂದು ಯಾರಿಗೂ ತಿಳಿಯದೆ ಟ್ಯಾಬಿಗೆ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಮೇಲೆ ಎರಡು ಸೇವಂತಿಗೆ ಇಟ್ಟಿದ್ದರು. ಸಾಹೇಬರು ರಿಬ್ಬನ್ ಕತ್ತರಿಸಿ ಟ್ಯಾಬನ್ನು ಎತ್ತಿ ಹಿಡಿದು ಫೋಟೋಕ್ಕೆ ನಿಂತರು. ಹೆಡ್ಮಾಸ್ಟರು ಮೈಕಿನಲ್ಲಿ, 'ಈಗ ಕಥೆಗಳನ್ನು ಕೇಳೋಣ. ದಯವಿಟ್ಟು ಸಾರ್ವಜನಿಕರು ಬಾಯಿ ಬಿಗಿಹಿಡಿದು ಸಹಕರಿಸಬೇಕು' ಎಂದು ಎರಡೆರಡು ಸಲ ಕೇಳಿಕೊಂಡರು. ಇಡೀ ಊರು ತುಟಿ ಕಚ್ಚಿಕೊಂಡು ಕೂತಿತು. ನಾನು ವೇದಿಕೆಯ ಮೆಟ್ಟಿಲ ಪಕ್ಕ ನಿಂತಿದ್ದೆ. ಹತ್ತನೆಯ ಕಥೆ ಶುರುವಾಗುತ್ತಲೇ ಹೂಂ ಅನ್ನಬೇಕು, ಅವ್ವನನ್ನು ತೆಗೆದುಕೊಂಡು ಮನೆಗೆ ಹೋಗಬೇಕು. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಸಾರ್ವಜನಿಕರಿಗೆ ಹೇಳಿದ್ದನ್ನು ಸಾಹೇಬರಿಗೆ ಹೇಳುವವರು ಯಾರು? ಬೋರಲಿಂಗಯ್ಯನವರ ದನಿ ಹೊರಟು, ಮೊದಲ ಸಲ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಉಪನಿರ್ದೇಶಕರು ಕೈಗಡಿಯಾರ ನೋಡಿಕೊಂಡು 'ಹೂಂ' ಎಂದರು. ಕಡತ ಬಂದರೆ ಹೂಂ, ಜನ ಬಂದರೆ ಹೂಂ, ಅದು ಅವರ ಮೂವತ್ತು ವರ್ಷದ ಅಭ್ಯಾಸ. ಎರಡನೇ ಸಲವೂ 'ಹೂಂ'. ಹೆಡ್ಮಾಸ್ಟರು ಬಗ್ಗಿ, 'ಸಾರ್, ತಾವು ಬೇಕಾದರೆ ಆಗಲಿ ಅನ್ನಬಹುದು' ಎಂದು ಪಿಸುಗುಟ್ಟಿದರು. 'ಹೂಂ ಹೂಂ, ಮುಂದಿನದು ಹಾಕಿ' ಎಂದರು ಸಾಹೇಬರು. ಮೊದಲ ಕಥೆ ಮುಗಿಯುವ ಹೊತ್ತಿಗೆ ಅವರು ತಲೆಯೆತ್ತಿ ಬಲ್ಬನ್ನು, ತಾವೇ ತಂತಿ ಎಳೆದು ಹಚ್ಚಿದ್ದೆಂಬ ಅಭಿಮಾನದಿಂದ ನೋಡುತ್ತಿದ್ದರು. ಮೂರನೆಯದಕ್ಕೆ ಕೈಗಡಿಯಾರ ನೋಡುವುದನ್ನು ಬಿಟ್ಟರು. ಐದನೆಯದಕ್ಕೆ ಎಮ್ಮೆಗಾಗಿ ಕಣ್ಣೀರಿಟ್ಟರು. ಒಂಬತ್ತೂ ಅವರ ಹೊಟ್ಟೆಗೆ ಸೇರಿದವು.

ಹತ್ತನೆಯದು. ಅಜ್ಜಿಯ ದನಿ ಬಂತು. ನಾನು ಮೆಟ್ಟಿಲು ಹತ್ತಿ ಅವರ ಕುರ್ಚಿಯ ಪಕ್ಕ ಹೋಗಿ ನಿಂತು, ಮೊದಲ ಬಿಡುವಿಗೇ ಜೋರಾಗಿ 'ಹೂಂ' ಎಂದೆ. ಬಿಸಿ ಹಾಲು ಕುಡಿದ ಹಾಗೆ ಏನೋ ಒಳಗಿಳಿಯಿತು. ಎರಡನೆಯ ಬಿಡುವಿಗೆ ಅವರು ನನಗಿಂತ ಮುಂದಾದರು. ಮೂರನೆಯದು ನನ್ನದು, ನಾಲ್ಕನೆಯದು ಅವರದು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ, ಒಂದೇ ತಟ್ಟೆಯಿಂದ ಕಿತ್ತು ತಿನ್ನುವವರ ಹಾಗೆ ಹೂಂ ಹೂಂ ಎನ್ನುತ್ತಿದ್ದೆವು. ಇಲಾಖೆಯ ಫೋಟೋಗ್ರಾಫರು ಅದನ್ನು ತೆಗೆದರು. 'ವಿದ್ಯಾರ್ಥಿನಿಯೊಂದಿಗೆ ಬೆರೆತ ಅಧಿಕಾರಿ' ಎಂದು ಮರುದಿನ ಪತ್ರಿಕೆಯಲ್ಲಿ ಬಂತು.

ಹೀಗೆ ನನಗೆ ಅರ್ಧ ಅವ್ವ ಸಿಕ್ಕಿದಳು. ಇದ್ದಕ್ಕಿದ್ದಂತೆ ನಗುತ್ತಾಳೆ, ಯಾಕೆಂದು ಗೊತ್ತಿಲ್ಲ, ಯಾಕೆನ್ನುವುದು ಸಾಹೇಬರ ಹತ್ತಿರ. ಬಾಗಿಲಲ್ಲಿ ನಿಂತು ಯಾರನ್ನೋ ಕರೆಯುತ್ತಾಳೆ, ಯಾರನ್ನೆಂಬುದೂ ಅವರ ಹತ್ತಿರ. ಹತ್ತು ದಿನ ನಾನು ಪಾಠ ಕೇಳಲಿಲ್ಲ, ಉಂಡದ್ದು ಮೈಗೆ ಹತ್ತಲಿಲ್ಲ. ಅಷ್ಟರಲ್ಲಿ ಸಾಹೇಬರ ಶಿಫಾರಸಿನ ಮೇಲೆ ಬಹುಮಾನ ಘೋಷಣೆಯಾಯಿತು. ಕಥೆ ಕಳೆದುಕೊಂಡ ಹಿರಿಯರ ಪರವಾಗಿ ಹೆಡ್ಮಾಸ್ಟರು ಒಂದು ಮನವಿ ಕಳಿಸಿದರು. ಸ್ವೀಕರಿಸಿದ ಕಥೆಗಳನ್ನು ಹಿಂದಿರುಗಿಸಲು ನಿಯಮಗಳಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು.

ಉತ್ತರಕ್ಕೆ ಸಹಿ ಹಾಕಿದ ಉಪನಿರ್ದೇಶಕರೇ ಮರುದಿನ, ಶನಿವಾರ ಮಧ್ಯಾಹ್ನ, ಸರ್ಕಾರಿ ಬಸ್ಸಿನಿಂದಿಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಕಣ್ಣು ಕೆಂಡವಾಗಿದ್ದವು. ಕುಡಿಯಲು ನೀರು ಸಹ ಕೇಳದೆ, 'ಕೊಡೆ ತಗೊಂಡು ಬಾಗಿಲ ತನಕ ಹೋದವಳು ವಾಪಸ್ ಯಾಕಮ್ಮ ಬಂದ್ಲು? ಆ ತುಂಡು ನಿನ್ನ ಹತ್ರ ಇರಬೇಕು. ಹತ್ತು ದಿನದಿಂದ ಕಣ್ಣು ಮುಚ್ಚಿಲ್ಲ ನಾನು' ಎಂದರು.

'ಅವ್ವ ಯಾಕೆ ನಕ್ಕಳು, ಅದನ್ನ ನೀವು ಹೇಳಿ ಸಾರ್' ಎಂದೆ.

'ನಾನು ಹೇಳಿದ್ರೆ ನನಗೇನು ಉಳಿಯುತ್ತೆ?'

'ನಾನು ಹೇಳಿದ್ರೆ ನನಗೇನು ಉಳಿಯುತ್ತೆ?'

ಮಂಡಕ್ಕಿ ರಾಶಿಯ ಆಚೆ ಅವರು, ಈಚೆ ನಾನು, ಹಟ ಹಿಡಿದು ಕೂತೆವು. ಕೊನೆಗೆ ಸೋತವರು ಅವರೇ. 'ಹೋಗಲಿ ಬಿಡಮ್ಮ. ನಿನ್ನ ತಾಯಿ, ನೀನೇ ತಗೋ. ನಾನು ಹೇಳ್ತೀನಿ, ನೀನು ಹೂಂ ಅನ್ನು. ನನಗೆ ನಿದ್ದೆ ಬಂದರೆ ಸಾಕು' ಎಂದರು. ನಾನು ಎದ್ದು ನಿಂತೆ. ಇಷ್ಟು ವರ್ಷ ಕಾದದ್ದು ಕೈಗೆ ಬಂದೇಬಿಟ್ಟಿತ್ತು.

ಆಗ ಅಜ್ಜಿ ಒಂದು ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ತಂದು ಅವರ ಮುಂದಿಟ್ಟಳು. ಸಾಹೇಬರು ಗೋಡೆಯ ಫೋಟೋವನ್ನೇ ನೋಡುತ್ತಿರುವುದನ್ನು ಕಂಡು, ತಾನೂ ಸೆರಗಿನಿಂದ ಕೈಯೊರೆಸಿಕೊಳ್ಳುತ್ತ ನೋಡಿದಳು.

'ನಿಮ್ಮ ಕಡೇರಾ ಸ್ವಾಮಿ ಈ ಹುಡುಗಿ? ಎಷ್ಟು ಲಕ್ಷಣವಾಗವಳೆ ನೋಡ್ರಿ. ಇವಳನ್ನ ಹೆತ್ತೋಳು ಯಾರೋ, ಪುಣ್ಯವಂತೆ.'

ಹೇಳಿ ಒಳಗೆ ಹೋದಳು. ಸಾಹೇಬರು ತಟ್ಟೆ ಮುಟ್ಟಲಿಲ್ಲ. ಎದ್ದು ನಿಂತಿದ್ದ ನಾನು ಮತ್ತೆ ಕೂತೆ. ಟ್ಯಾಬಿನ ತಪ್ಪು, ಕಿಟಕಿಯ ಬೆಳಕಿನ ತಪ್ಪು ಎಂದೆಲ್ಲ ಹತ್ತು ದಿನದಿಂದ ಅಳುತ್ತಿದ್ದೆನಲ್ಲ, ಏನೂ ತಪ್ಪಾಗದೆ ಎಲ್ಲ ಸರಿಯಾಗಿ ನಡೆದಿದ್ದರೂ, ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಶಾಸ್ತ್ರೋಕ್ತವಾಗಿ ನಾನೇ ಹೂಂ ಅಂದಿದ್ದರೂ, ಅಜ್ಜಿ ಹೀಗೇ ಆಗುತ್ತಿದ್ದಳು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಸ್ನಾನ ಮಾಡಿ ಒಳ್ಳೆಯ ಸೀರೆಯುಟ್ಟುಕೊಂಡು ಕೂತಿದ್ದಳು. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಯಾರ ಮೇಲೂ ಬಂದಿರಲಿಲ್ಲ.

'ಸಾರ್, ನನಗೆ ಬೇಡ. ಅಜ್ಜಿಗೆ ಹೇಳೋಣ. ನಿಮ್ಮ ತುಂಡು ನೀವು, ನನ್ನ ತುಂಡು ನಾನು' ಎಂದೆ.

ಅಜ್ಜಿಯನ್ನು ಒಪ್ಪಿಸುವುದೇ ಕಷ್ಟವಾಯಿತು. 'ಯಾರ್ದೋ ಕಥೆ ನನಗ್ಯಾಕ್ರೇ, ಕೆಲಸ ಐತೆ' ಎಂದು ಗೊಣಗಿ ಜರಡಿ ಹಿಡಿದುಕೊಂಡೇ ಕೂತಳು. ನಾನು ಶುರು ಮಾಡಿದೆ. ಕಾಟಾಚಾರಕ್ಕೆ ಒಂದು ಹೂಂ ಅಂದಳು. ಸಾಹೇಬರು ಹೇಳಿದರು. ಇನ್ನೊಂದು ಹೂಂ. ನಾಲ್ಕನೆಯದಕ್ಕೆ ಅವಳ ಕೈ ನಿಂತಿತು. ಆರನೆಯದಕ್ಕೆ ಜರಡಿ ಮಗುಚಿ ಮಂಡಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. ನಾವೇನು ಹೇಳಿದೆವೆಂದು ಈಗ ನನಗೆ ಗೊತ್ತಿಲ್ಲ. ಕೊಡೆ ಒಂದಿತ್ತು, ನಗು ಒಂದಿತ್ತು, ಬಾಗಿಲಲ್ಲೊಂದು ಕರೆ ಇತ್ತು ಎಂಬುದು ನಾವಿಬ್ಬರೂ ಕೇಳಿಕೊಂಡಿದ್ದ ಪ್ರಶ್ನೆಗಳಿಂದಷ್ಟೇ ನೆನಪಿದೆ. ಮುಗಿದಾಗ ಸಾಹೇಬರು ಸುತ್ತಮುತ್ತ ನೋಡಿ, 'ನಾನು ಇಲ್ಲಿಗೆ ಯಾಕೆ ಬಂದೆ?' ಎಂದರು. ಒಗ್ಗರಣೆ ಮಂಡಕ್ಕಿಯನ್ನು ಪೂರ್ತಿ ತಿಂದು, ಬಸ್ಸು ಹತ್ತುತ್ತಲೇ ಗೊರಕೆ ಹೊಡೆದರಂತೆ. ಆ ನಿದ್ದೆಯ ರುಚಿ ಹತ್ತಿ, ಈಗ ಶನಿವಾರಕ್ಕೊಮ್ಮೆ ಬಂದು ಒಬ್ಬೊಬ್ಬ ಹಿರಿಯರ ಕಥೆಯನ್ನು ಹಿಂದಿರುಗಿಸುತ್ತಿದ್ದಾರೆ. ಇಲಾಖೆಗೆ 'ಕ್ಷೇತ್ರ ಭೇಟಿ' ಎಂದು ಬರೆಯುತ್ತಾರೆ. ಬೋರಲಿಂಗಯ್ಯನವರದನ್ನು ಮಾತ್ರ ಇನ್ನೂ ಕೊಟ್ಟಿಲ್ಲ, ಕರೆಂಟು ಕಂಬ ಕಂಡಲ್ಲೆಲ್ಲ ಬಸ್ಸು ನಿಲ್ಲಿಸಿ ಇಳಿಯುತ್ತಾರಂತೆ.

ಸಾಹೇಬರು ಹೋದ ಮೇಲೆ ಅಜ್ಜಿ ಚೆಲ್ಲಿದ ಮಂಡಕ್ಕಿಯ ನಡುವೆ ಕೂತು ಎದೆ ಬಡಿದುಕೊಂಡು ಅತ್ತಳು. ಮಗಳು ಸತ್ತಿದ್ದು ಅವಳಿಗೆ ಆಗಷ್ಟೇ ತಿಳಿದ ಹಾಗಿತ್ತು. 'ಪಂಕಜೀ, ಪಂಕಜೀ' ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದಳು. ಕೆಲಸದಿಂದ ಬಂದ ಅಪ್ಪನನ್ನು 'ಬನ್ನಿ ಅಳಿಯಂದ್ರೇ' ಎಂದು ಕರೆದು ಇನ್ನಷ್ಟು ಅತ್ತಳು. ನಾನು ಅವಳಿಗೆ ಅಂಟಿಕೊಂಡು ಕೂತಿದ್ದೆ. ಅಳು ಇಳಿದ ಮೇಲೆ ಅವಳು ನನ್ನ ಕೆನ್ನೆ ಹಿಡಿದಳು.

'ಬಾರೆ ಮಗ. ಮಾರ್ಚಿ ತನಕ ಬ್ಯಾಡ. ಈಗ್ಲೇ ತಗೊಂಬಿಡು ನಿಮ್ಮವ್ವನ್ನ. ಹೂಂ ಅನ್ನು.'

'ಹೇಳಜ್ಜಿ. ಆದ್ರೆ ಹೂಂ ಅನ್ನಲ್ಲ.'

'ಹೂಂ ಅನ್ನದಂಗೆ ಹ್ಯಾಗೆ ಹೇಳ್ಲೇ? ನಾನೇನು ಗ್ವಾಡೆಗೆ ಹೇಳ್ತಿದೀನಾ?'

'ಗ್ವಾಡೆ ಅಂತ್ಲೇ ತಿಳ್ಕೊ.'

ಬೈದಳು, ಮೂಗು ಸೀನಿಕೊಂಡಳು, ಎದ್ದು ಹೋಗಿ ನೀರು ಕುಡಿದು ಬಂದಳು. ಆಮೇಲೆ, ನಮ್ಮೂರಲ್ಲಿ ಯಾರೂ ಹೇಳದ ಹಾಗೆ, ಹೇಳತೊಡಗಿದಳು. ಒಂದೊಂದು ಬಿಡುವಿಗೂ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೈ ತೆಗೆಯದೆ, ಕೊನೆಯ ಮಾತಿನವರೆಗೂ ಕೇಳಿದೆ. ಅದು ಮುಗಿಯುತ್ತಲೇ ಎಲ್ಲ ನನ್ನಿಂದ ಜಾರಿಹೋಯಿತು. ಅಜ್ಜಿಯ ಹತ್ತಿರ ಇತ್ತು, ಅವಳ ಮುಖದಲ್ಲಿ ಕಾಣುತ್ತಿತ್ತು.

ನಾನು ಕೈ ತೆಗೆದು, 'ಇನ್ನೊಂದ್ಸಲ ಹೇಳಜ್ಜಿ' ಎಂದೆ.